ಗದ್ದಲ ಹಾಕಿದರೆ ಶಕ್ತಿ ಜಾಸ್ತಿ ದಾಟಿತು: ಮೂರು ಕಾಯಿಲ್‌ಗಳ ಜೊತೆ ನನ್ನ ಅನುಭವ

ಹದವಾದ ಗದ್ದಲ, ಅಂದರೆ ಅಡ್ಡಾದಿಡ್ಡಿ ಅಲುಗಾಟ, ಶಕ್ತಿ ಸಾಗೋಕೆ ಸಹಾಯ ಮಾಡುತ್ತದೆ ಅನ್ನೋ ಮಾತನ್ನು ಮನೆಯಲ್ಲೇ ಕಟ್ಟಿದ ಮೂರು ಕಾಯಿಲ್ ಸರ್ಕ್ಯೂಟ್‌ಗಳಲ್ಲಿ ಪರೀಕ್ಷಿಸುತ್ತಿದ್ದೆ. ಕೊನೆಗೂ ಗ್ರಾಫ್‌ನಲ್ಲಿ ದಿಬ್ಬ ಕಂಡಿತು. ಗದ್ದಲ ಇಲ್ಲದಾಗ ಕೊನೆಯ ಸರ್ಕ್ಯೂಟ್‌ಗೆ ದಾಟಿದ ಶಕ್ತಿ ನೂರಕ್ಕೆ 38ರ ಆಸುಪಾಸು. ಹದವಾಗಿ ಗದ್ದಲ ಹಾಕಿದಾಗ 60ರ ಹತ್ತಿರ. ಇನ್ನೂ ಏರಿಸಿದರೆ ಮತ್ತೆ 40ರ ಕೆಳಗೆ. ಈ ಒಂದು ದಿಬ್ಬಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. "ಅದೆಲ್ಲ ಪೇಪರ್‌ನಲ್ಲಿ ಚೆನ್ನಾಗಿರುತ್ತೆ, ನಿನ್ನ ಮೇಜಿನ ಮೇಲೆ ಬರಲ್ಲ" ಅಂದಿದ್ದ ಗೆಳೆಯರಿಗೆಲ್ಲ ಗ್ರಾಫ್ ಕಳಿಸಿದ್ದೇನೆ. ಇಬ್ಬರು ಇನ್ನೂ ಉತ್ತರ ಕೊಟ್ಟಿಲ್ಲ.

ಕತೆ ಶುರುವಾಗೋದು ಎಫ್‌ಎಂಓದಿಂದ. ಅದು ಹಸಿರು ಗಂಧಕ ಬ್ಯಾಕ್ಟೀರಿಯಾದಲ್ಲಿ ಬೆಳಕಿನ ಶಕ್ತಿ ಸಾಗಿಸುವ ಪ್ರೋಟೀನು, ಅದರೊಳಗೆ ಏಳೆಂಟು ಬ್ಯಾಕ್ಟೀರಿಯೋಕ್ಲೋರೋಫಿಲ್ ಅಣು, ಒಂದೊಂದಕ್ಕೂ ಒಂದು ನಂಬರ್. 1 ಅಥವಾ 6ರಲ್ಲಿ ಶಕ್ತಿ ಒಳಗೆ, 3ರಿಂದ ಹೊರಗೆ. 2007ರಲ್ಲಿ 77 ಕೆಲ್ವಿನ್‌ನಲ್ಲಿ ಕ್ವಾಂಟಮ್ ಮಿಡಿತ (ಶಕ್ತಿ ಅಲೆಯ ಹಾಗೆ ಹಲವು ಅಣುಗಳಲ್ಲಿ ಒಟ್ಟಿಗೆ ಹರಡಿದೆ ಅನ್ನುವ ಗುರುತು) ಸಿಕ್ಕಿತು ಅಂತ ಎಲ್ಲರೂ ಕುಣಿದರು. ಆಮೇಲೆ ಆ ಮಿಡಿತದಲ್ಲಿ ಬಹುಪಾಲು ಅಣುಗಳ ಕಂಪನದ್ದೇ ಅನ್ನುವ ಕಡೆಗೆ ಮಾತು ವಾಲಿತು. ಆದರೆ 2008ರ ಲೆಕ್ಕಗಳು ಹೇಳಿದ್ದು ಬೇರೆ. ಸುತ್ತಲಿನ ಪ್ರೋಟೀನಿನ ಅಲುಗಾಟ ಹದವಾಗಿದ್ದರೆ ಶಕ್ತಿ ಸಾಗೋಕೆ ಅದು ಅಡ್ಡಿಯಲ್ಲ, ಸಹಾಯ. ಮಿಡಿತದ ಕತೆ ಏನೇ ಆಗಲಿ, ಈ ಮಾತು ಬಿದ್ದುಹೋಗೋದಿಲ್ಲ. ನನಗೆ ಬೇಕಿದ್ದದ್ದು ಇದು.

ಮೊದಲು ಲ್ಯಾಪ್‌ಟಾಪ್‌ನಲ್ಲಿ ಏಳು ಸೈಟ್‌ಗಳ, ಅಂದರೆ ಏಳು ಕ್ಲೋರೋಫಿಲ್‌ಗಳ, ಹ್ಯಾಮಿಲ್ಟೋನಿಯನ್ (ಅವುಗಳ ಶಕ್ತಿ ಮತ್ತು ಜೋಡಣೆಯ ಕೋಷ್ಟಕ) ಹಾಕಿ ಓಡಿಸಿದೆ. ಶಕ್ತಿ ಅಳೆಯುವ ವೇವ್‌ನಂಬರ್‌ನಿಂದ ಕಾಲ ಅಳೆಯುವ ಪಿಕೋಸೆಕೆಂಡಿಗೆ ಬರುವಾಗ 2 ಪೈ ಬಿಟ್ಟಿದ್ದೆ. ಎಲ್ಲವೂ ಆರು ಪಟ್ಟು ನಿಧಾನ. ಎರಡು ವಾರ ಬೇರೆ ಬೇರೆ ಕಡೆ ತಪ್ಪು ಹುಡುಕಿದೆ. ಸರಿಯಾದ ಮೇಲೂ ಒಬ್ಬ ಗೆಳೆಯ, "ನೀನು ಹಾಕಿದ್ದೇ ತಾನೇ ಹೊರಗೆ ಬಂದಿದ್ದು" ಅಂದ. ಆ ಮಾತು ಚುಚ್ಚಿತು. ಹಾಗಾಗಿ ಬೆಸುಗೆ ಕಡ್ಡಿ ಕೈಗೆ ತಗೊಂಡೆ.

ಕ್ಲೋರೋಫಿಲ್ ಜಾಗದಲ್ಲಿ ಎಲ್‌ಸಿ ಸರ್ಕ್ಯೂಟ್ ಇಟ್ಟೆ, ಅಂದರೆ ಕಾಯಿಲ್ ಮತ್ತು ಕೆಪಾಸಿಟರ್ ನಡುವೆ ಶಕ್ತಿ ತೂಗುವ ಸರ್ಕ್ಯೂಟ್. ಅದು ಕ್ವಾಂಟಮ್ ಅಲ್ವಲ್ಲ ಅಂತ ಕೇಳಬೇಡಿ, ಸಾಕಾಗಿದೆ. ಒಂದೇ ಎಕ್ಸೈಟೇಶನ್ (ಶಕ್ತಿಯ ಒಂದು ಪೊಟ್ಟಣ) ಓಡಾಡುವಾಗ, ಕಪ್ಲಿಂಗ್, ಅಂದರೆ ಜೋಡಣೆ, ಸಣ್ಣದಿದ್ದರೆ, ಎರಡರ ಸಮೀಕರಣವೂ ಒಂದೇ. ಈ ದಾರಿಯಲ್ಲಿ ಮೊದಲಿಗ ನಾನೇನಲ್ಲ. 2015ರಲ್ಲೇ ವಿದ್ಯುತ್ ಸರ್ಕ್ಯೂಟ್‌ಗಳಲ್ಲಿ ಮಾಡಿದ್ದಾರೆ, 2019ರಲ್ಲಿ ಹತ್ತು ಅಯಾನುಗಳ ಸಾಲಿನಲ್ಲೂ ಮಾಡಿದ್ದಾರೆ. ನನ್ನದು ಮನೆಯ ಮೇಜು, ಅಷ್ಟೇ ವ್ಯತ್ಯಾಸ.

ಏಳು ಸೈಟ್ ಕಟ್ಟುವ ಹುಚ್ಚು ಬಿಟ್ಟು ಮೂರಕ್ಕೆ ಇಳಿದೆ. ಒಂದೇ ಥರದ ಎರಡು ಸರ್ಕ್ಯೂಟು, ಎರಡೂ ಮೂರನೆಯದಕ್ಕೆ ಸಮನಾಗಿ ಜೋಡಣೆ. ಮೂರನೆಯದರ ಮೇಲೆ 100 ಕಿಲೋಓಮ್ ರೆಸಿಸ್ಟರ್. ಅದೇ ನಮ್ಮ ರಿಯಾಕ್ಷನ್ ಸೆಂಟರ್, ಬ್ಯಾಕ್ಟೀರಿಯಾದಲ್ಲಿ ಶಕ್ತಿ ಕೊನೆಗೆ ತಲುಪುವ ಜಾಗ. ಮೊದಲನೆಯದಕ್ಕೆ ಒದೆ (ಪುಟ್ಟದೊಂದು ವೋಲ್ಟೇಜ್) ಕೊಟ್ಟರೆ ಅರ್ಧ ಶಕ್ತಿ ಎರಡೂ ಎದುರುಬದುರಾಗಿ ತೂಗುವ ಡಾರ್ಕ್ ಮೋಡ್‌ಗೆ ಹೋಗುತ್ತದೆ. ಒಂದು ತಳ್ಳಿದಾಗ ಇನ್ನೊಂದು ಎಳೆಯುತ್ತದೆ, ಮೂರನೆಯದಕ್ಕೆ ಏನೂ ತಲುಪುವುದಿಲ್ಲ. ಆ ಅರ್ಧ ಅಲ್ಲೇ ಬಿಸಿಯಾಗಿ ಸಾಯುತ್ತದೆ. ಗದ್ದಲ ಈ ಎದುರುಬದುರನ್ನು ಕೆಡಿಸಬೇಕು. ಲೆಕ್ಕ ಇಷ್ಟು ಸುಲಭ.

ಮೊದಲ ಸಲ ಅಂಗಡಿಯ ರೆಡಿಮೇಡ್ ಕಾಯಿಲ್ ಹಾಕಿದೆ. 10 ಮಿಲಿಹೆನ್ರಿ, 1 ನ್ಯಾನೋಫ್ಯಾರಡ್, 50 ಕಿಲೋಹರ್ಟ್ಸ್. ಕ್ಯೂ, ಅಂದರೆ ಶಕ್ತಿ ಸೋರದೆ ಎಷ್ಟು ಉಳಿಯುತ್ತದೆ ಅನ್ನುವ ಅಂಕಿ, ನೋಡಿದರೆ ನಲವತ್ತು. ಜೋಡಣೆಯೇ 1.2 ಕಿಲೋಹರ್ಟ್ಸ್, ನಷ್ಟದ ಅಗಲವೂ ಅಷ್ಟೇ. ಶಕ್ತಿ ಹೊರಡುವ ಮೊದಲೇ ಆವಿ. ಜೊತೆಗೆ ಅಗ್ಗದ ಸೆರಾಮಿಕ್ ಕೆಪಾಸಿಟರ್‌ಗಳು, ವೋಲ್ಟೇಜ್ ಬದಲಾದರೆ ಕೆಪಾಸಿಟೆನ್ಸೂ ಬದಲು. ಅದೆಲ್ಲ ಡಬ್ಬಿಗೆ ಹೋಯಿತು. ಪಾಟ್ ಕೋರ್ (ಕಾಯಿಲ್ ಒಳಗೆ ಕೂರುವ ಫೆರೈಟ್ ಡಬ್ಬಿ) ತರಿಸಿ ಲಿಟ್ಜ್ ಅನ್ನುವ ಹಲವು ಎಳೆಗಳ ತಂತಿಯಲ್ಲಿ ಕೈಯಾರೆ ಸುತ್ತಿದೆ, ಹಾಗೆ ಬದಲಾಗದ ಸಿ0ಜಿ ಕೆಪಾಸಿಟರ್ ಹಾಕಿದೆ. ಕ್ಯೂ ಇನ್ನೂರು ದಾಟಿತು. ಸುತ್ತುವಾಗ ಒಂದು ಕೈಚಳಕ ಇದೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತಂತಿಗೆ ಮತ್ತು ಕೋರ್‌ಗೆ ಹೋದ ದುಡ್ಡು ನನ್ನ ಒಂದು ತಿಂಗಳ ಉಳಿತಾಯ.

ಇಷ್ಟಾದರೂ ಗದ್ದಲದಿಂದ ಏನೂ ಏರಲಿಲ್ಲ. ಗದ್ದಲ ಇಲ್ಲದೆಯೇ 60ರ ಮೇಲೆ ಬರುತ್ತಿತ್ತು! ಸೋಲು ಇಷ್ಟು ಚೆನ್ನಾಗಿ ಕಾಣಬಾರದು. ತಿಂಗಳಾದ ಮೇಲೆ ಹೊಳೆಯಿತು. ಐದು ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದಾದ ಕೆಪಾಸಿಟರ್ ಹಾಕಿದ್ದೆ. ಎರಡು ಸರ್ಕ್ಯೂಟ್‌ಗಳ ನಡುವೆ ಸಾವಿರ ಹರ್ಟ್ಸ್‌ವರೆಗೆ ಅಂತರ. ಎರಡೂ ಒಂದೇ ಥರ ಇಲ್ಲದ ಮೇಲೆ ಡಾರ್ಕ್ ಮೋಡ್ ಎಲ್ಲಿಂದ ಬರಬೇಕು? ಗದ್ದಲ ಮಾಡಬೇಕಾದ ಕೆಲಸವನ್ನು ಕಳಪೆ ಭಾಗಗಳೇ ಮಾಡಿ ಮುಗಿಸಿದ್ದವು. ಗದ್ದಲದ ಉಪಕಾರ ನೋಡಬೇಕಾದರೆ ಮೊದಲು ಸರ್ಕ್ಯೂಟ್ ಚೊಕ್ಕಟವಾಗಿರಬೇಕು. ಇದನ್ನು ಹೇಳಿದಾಗ ಗೆಳೆಯ ನಕ್ಕ, "ಮನೆ ಗುಡಿಸಿ ಆಮೇಲೆ ಕಸ ಚೆಲ್ಲುತ್ತೀಯಾ?" ಅಂದ. ಹೌದು, ಅದೇ ಮಾಡಿದ್ದು.

ಕೋರ್‌ನ ತಿರುಪು ತಿರುಗಿಸಿ ಅಂತರವನ್ನು 50 ಹರ್ಟ್ಸ್ ಒಳಗೆ ತಂದೆ. ಅಳೆಯೋಕೆ ಆಸಿಲೋಸ್ಕೋಪ್‌ನ ಪ್ರೋಬ್ ಹಚ್ಚಿದ ತಕ್ಷಣ ಮತ್ತೆ 350ಕ್ಕೆ ಹೋಯಿತು. 10ಎಕ್ಸ್ ಪ್ರೋಬ್‌ನ ಹದಿನೈದು ಪಿಕೋಫ್ಯಾರಡ್ ಸಾಕು ಕೆಲಸ ಕೆಡಿಸೋಕೆ. ಒದೆ ಕೊಡೋಕೆ ಇಟ್ಟಿದ್ದ ರಿಲೇ ಇನ್ನೂ ಘೋರ. ಅದರ ಕಾಂಟ್ಯಾಕ್ಟ್ ಪುಟಿಯುವ ಹೊತ್ತಿಗೆ ನನ್ನ ಇಡೀ ಪ್ರಯೋಗ ಮುಗಿದಿರುತ್ತಿತ್ತು. ಬದಲಿಗೆ ಮಾಸ್‌ಫೆಟ್ (ಟ್ರಾನ್ಸಿಸ್ಟರ್ ಸ್ವಿಚ್) ಹಾಕಿದರೆ ಅದರದ್ದೇ ಕೆಪಾಸಿಟೆನ್ಸ್. ಕೊನೆಗೆ ಎರಡನೆಯ ಸರ್ಕ್ಯೂಟ್‌ಗೂ ಅಂಥದ್ದೇ ಮಾಸ್‌ಫೆಟ್, ಅಂಥದ್ದೇ ಪ್ರೋಬ್ ಸುಮ್ನೆ ಹಚ್ಚಿಟ್ಟೆ. ಅವು ಏನೂ ಮಾಡೋದಿಲ್ಲ, ಜೋಡಿ ಸರಿಯಾಗಲಿ ಅಂತ ಕೂತಿವೆ. ಅವತ್ತು ಮೊದಲ ಸಲ 38 ಬಂತು. ಕಮ್ಮಿ ಬಂದಿದ್ದಕ್ಕೆ ಇಷ್ಟು ಖುಷಿಪಟ್ಟವನು ಇನ್ನೊಬ್ಬ ಇರಲಾರ.

ಈಗ ಗದ್ದಲ. ರೇಡಿಯೋ ಟ್ಯೂನಿಂಗ್‌ಗೆ ಹಾಕುವ ವೆರಾಕ್ಟರ್ ಡಯೋಡ್‌ನಿಂದ ಫ್ರೀಕ್ವೆನ್ಸಿ ಅಲುಗಾಡಿಸುವುದು ಅಂತ ತೀರ್ಮಾನ. ದೊಡ್ಡಸ್ತಿಕೆಗೆ ಹಳೆಯದೊಂದು ನಾಯ್ಸ್ ಜನರೇಟರ್ ಕೊಂಡೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗೆ, ಆ ತಿಂಗಳು ಬೇರೆ ಯಾವ ಖರ್ಚಿಗೂ ಕೈಯಲ್ಲಿ ಕಾಸಿರಲಿಲ್ಲ. ಅದಕ್ಕಿದ್ದದ್ದು ಒಂದೇ ಔಟ್‌ಪುಟ್. ಎರಡು ಸರ್ಕ್ಯೂಟ್‌ಗೂ ಅದನ್ನೇ ಹಂಚಿದೆ. ಮೂರು ವಾರ ಎಷ್ಟು ತಿರುಗಿಸಿದರೂ 38 ಕದಲಲಿಲ್ಲ. ಎರಡೂ ಒಟ್ಟಿಗೆ ಅಲುಗಿದರೆ ಅವುಗಳ ನಡುವೆ ಏನು ಬದಲಾಗುತ್ತದೆ, ಮಣ್ಣು! ಪ್ರೋಟೀನಿನಲ್ಲಿ ಒಂದೊಂದು ಕ್ಲೋರೋಫಿಲ್ಲಿನ ಸುತ್ತ ಅಲುಗಾಟ ಹೆಚ್ಚೂಕಮ್ಮಿ ಅದರದರದ್ದೇ ಅಂತ ಎಷ್ಟು ಸಲ ಓದಿದ್ದೆನೋ. ಓದಿದ್ದು ಬೇರೆ, ತಂತಿ ಹಚ್ಚಿದ್ದು ಬೇರೆ. ಜನರೇಟರ್ ಅರ್ಧ ಬೆಲೆಗೆ ಮಾರಿದೆ. ಕಂಪ್ಯೂಟರ್ ಸೌಂಡ್ ಕಾರ್ಡ್‌ನ ಎಡ ಚಾನೆಲ್ ಒಂದಕ್ಕೆ, ಬಲ ಚಾನೆಲ್ ಇನ್ನೊಂದಕ್ಕೆ, ಎರಡಕ್ಕೂ ಬೇರೆ ಬೇರೆ ಗದ್ದಲದ ಫೈಲ್. ಖರ್ಚು ಸೊನ್ನೆ.

ಆದರೂ ಮೊದಲ ದಿನ ಗದ್ದಲ ಏರಿಸಿದಷ್ಟೂ ಅಂಕಿ ಇಳಿಯುತ್ತಾ ಹೋಯಿತು. ಆವತ್ತು ಎಲ್ಲ ಕಟ್ಟಿ ಅಟ್ಟಕ್ಕೆ ಹಾಕೋಣ ಅನ್ನಿಸಿತ್ತು. ತಪ್ಪು ಸ್ಕೋಪ್‌ನ ಆವರೇಜ್ ಬಟನ್‌ನದ್ದು. ಐನೂರು ಒದೆಗಳ ವೋಲ್ಟೇಜನ್ನು ಅದು ಮೊದಲು ಕೂಡಿಸಿ ಸರಾಸರಿ ತೆಗೆಯುತ್ತಿತ್ತು, ಶಕ್ತಿ ತಿಳಿಯೋಕೆ ನಾನು ಆಮೇಲೆ ಅದನ್ನು ವರ್ಗ (ಸ್ಕ್ವೇರ್) ಮಾಡುತ್ತಿದ್ದೆ. ಗದ್ದಲದಲ್ಲಿ ಫೇಸ್ ಪ್ರತಿ ಸಲ ಬೇರೆ, ಕೂಡಿಸಿದರೆ ಒಂದನ್ನೊಂದು ತಿಂದುಹಾಕುತ್ತವೆ. ಒಂದೊಂದು ಒದೆಯನ್ನೂ ಮೊದಲು ವರ್ಗ ಮಾಡಿ ಆಮೇಲೆ ಸರಾಸರಿ ತೆಗೆದೆ. ದಿಬ್ಬ ಎದ್ದು ನಿಂತಿತು. ತುದಿ ಇದ್ದದ್ದು ಗದ್ದಲದ ಅಗಲ ಹೆಚ್ಚೂಕಮ್ಮಿ ಜೋಡಣೆಯ ಮಟ್ಟಕ್ಕೆ ಬಂದಾಗ, ಒಂದೆರಡು ಕಿಲೋಹರ್ಟ್ಸ್‌ನಲ್ಲಿ. ಅದರ ಹತ್ತು ಪಟ್ಟು ಹಾಕಿದರೆ ಶಕ್ತಿ ನಿಂತಲ್ಲೇ ನಿಲ್ಲುತ್ತದೆ, ಹೆಜ್ಜೆ ಇಡೋಕೇ ಬಿಡೋದಿಲ್ಲ. ವೆರಾಕ್ಟರ್‌ನ ಬಯಾಸ್ ಎಲ್ಲಿ ಕೂರಿಸಿದೆ ಅನ್ನೋದನ್ನು ಮಾತ್ರ ಕೇಳಬೇಡಿ. ಒದೆ 100 ಮಿಲಿವೋಲ್ಟ್ ದಾಟಿಸಬೇಡಿ, ಅಷ್ಟು ಹೇಳಬಲ್ಲೆ.

ಮಧ್ಯೆ ಇನ್ನೊಂದು ಆಟ ಆಡಿದೆ. ಗದ್ದಲವನ್ನು ತುಂಬಾ ನಿಧಾನ ಮಾಡಿದೆ, ಕೆಲವೇ ಹರ್ಟ್ಸ್. ಆಗ ಒಂದು ಒದೆ ಮುಗಿಯುವವರೆಗೆ ಸರ್ಕ್ಯೂಟ್ ಕದಲೋದೇ ಇಲ್ಲ, ಪ್ರತಿ ಒದೆಗೂ ಬೇರೆ ಬೇರೆ ಅಂತರ ಸಿಗುತ್ತದೆ ಅಷ್ಟೇ. ಆದರೂ ಸರಾಸರಿ 50ರ ಮೇಲೆ ಹೋಯಿತು. ಅಂದರೆ ಈ ಮೂರರ ಜಾಲದಲ್ಲಿ ಗದ್ದಲವೂ ಸೈ, ಬರೀ ಹೊಂದಾಣಿಕೆ ತಪ್ಪಿದ್ದರೂ ಸೈ. ಎಫ್‌ಎಂಓದಲ್ಲಿ ಹಾಗಲ್ಲ. ಅಲ್ಲಿ ಸೈಟ್‌ಗಳ ಶಕ್ತಿ ಮೊದಲೇ ಬೇರೆ ಬೇರೆ, ಆ ಅಂತರವೇ ದಾರಿ ಕಟ್ಟುತ್ತದೆ. ಅದನ್ನು ದಾಟಿಸೋದು ಅಲುಗಾಟ. ನನ್ನ ದಿಬ್ಬವನ್ನು ಎತ್ತಿಕೊಂಡು ಹೋಗಿ ಬ್ಯಾಕ್ಟೀರಿಯಾದ ಮೇಲೆ ಇಡುವ ಹಾಗಿಲ್ಲ.

ಈಗ ನಾಲ್ಕನೆಯ ಸರ್ಕ್ಯೂಟ್ ಕಟ್ಟುತ್ತಿದ್ದೇನೆ, ಎಲ್ಲಕ್ಕೂ ಎಲ್ಲದರ ಜೋಡಣೆ. ನಷ್ಟ ಬಿಟ್ಟು ಲೆಕ್ಕ ಹಾಕಿದರೆ ಗದ್ದಲ ಇಲ್ಲದೆ ಮೂರರಲ್ಲಿ ಒಂದು ಪಾಲು ಮಾತ್ರ ದಾಟಬೇಕು. ಹೊಸ ಕಾಯಿಲ್ ಇನ್ನೂ 90 ಹರ್ಟ್ಸ್ ಆಚೆ ಇದೆ, ತಿರುಪು ಕೊನೆ ಮುಟ್ಟಿದೆ. ಇವತ್ತು ರಾತ್ರಿ ಒಂದು ಸುತ್ತು ಬಿಚ್ಚಬೇಕು.