ಮನೆಮುಂದಿನ ರಂಗೋಲಿಗೆ ಬೆಳಗಿನ ಬೆಳಕು

ದಿನವೂ ಕಣ್ಣೆದುರಿಗಿರುವ ಚೆಲುವನ್ನು ಮೊಬೈಲ್‌ನಲ್ಲಿ ಹಿಡಿಯಬಯಸುವವರು ಮನೆಮುಂದಿನ ರಂಗೋಲಿಯಿಂದಲೇ ಆರಂಭಿಸಬಹುದು. ಸೂರ್ಯೋದಯದ ನಂತರದ ಮೊದಲ ಗಂಟೆಯಲ್ಲಿ ಬಿಸಿಲು ನೆಲದ ಮೇಲೆ ಓರೆಯಾಗಿ ಬೀಳುವುದರಿಂದ, ಬೆರಳ ಸಂದಿನಿಂದ ಇಳಿದ ಪುಡಿಯ ಸಣ್ಣ ಏರು, ತಿರುವಿನಲ್ಲಿ ಎಳೆ ದಪ್ಪವಾದ ಬಗೆ, ಸಾರಿಸಿದ ನೆಲದ ಒರಟುತನ, ಎಲ್ಲವೂ ತಮ್ಮದೇ ನೆರಳಿನಿಂದ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಅದೇ ರಂಗೋಲಿ ಚಪ್ಪಟೆಯಾಗಿ ತೋರುತ್ತದೆ. ಕುಕ್ಕರುಗಾಲಿನಲ್ಲಿ ಕುಳಿತು, ಬೆಳಕು ಪಕ್ಕದಿಂದ ಬರುವಂತೆ ಮೊಬೈಲ್ ಹಿಡಿಯಿರಿ. ಪರದೆಯಲ್ಲಿ ಬಿಳಿ ಎಳೆಯನ್ನು ಮುಟ್ಟಿ, ಪುಡಿಯ ಕಣಗಳು ಕಾಣುವವರೆಗೆ ಪ್ರಕಾಶವನ್ನು ತಗ್ಗಿಸಿಕೊಳ್ಳಬೇಕು, ಏಕೆಂದರೆ ಪೂರ್ತಿ ಬೆಳ್ಳಗಾಗಿಹೋದ ಭಾಗದ ವಿವರಗಳನ್ನು ನಂತರ ಮರಳಿ ಪಡೆಯಲಾಗದು. ಜೂಮ್ ಮಾಡುವುದಕ್ಕಿಂತ ಹತ್ತಿರ ಹೋಗುವುದು ಲೇಸು. ಓಡಾಟದಲ್ಲಿ ಅರ್ಧ ಅಳಿಸಿದ ಸಂಜೆಯ ರಂಗೋಲಿಯನ್ನೂ ಬಿಡಬೇಡಿ, ನನಗಂತೂ ಅದೇ ಹೆಚ್ಚು ಪ್ರಿಯ. ಬೇರೆಯವರ ಅಂಗಳವಾದರೆ ರಂಗೋಲಿ ಹಾಕಿದವರ ಒಪ್ಪಿಗೆಯನ್ನು ಮೊದಲು ಕೇಳಿ.