ಒಳಲೆಯಲ್ಲಿ ನೀರು ಕುಡಿದ ದಿನಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದ ರಾತ್ರಿ ನನ್ನನ್ನು ಹೆಚ್ಚು ಕಾಡಿದ್ದು ಹೊಟ್ಟೆಯಲ್ಲ, ಬಲ ಭುಜ. ಹೊಟ್ಟೆಯ ಮೇಲಿದ್ದ ಐದು ಸಣ್ಣ ಗಾಯಗಳು ಚುರುಗುಟ್ಟುತ್ತಿದ್ದವು, ಅಷ್ಟೇ. ಭುಜ ಮಾತ್ರ ಹಿಂಡಿದ ಹಾಗೆ ನೋಯುತ್ತಿತ್ತು. ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ, ಮಾಡುವಾಗ ಉಪಕರಣಗಳು ಆಡಲು ಜಾಗವಾಗಲೆಂದು ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದರಿಂದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆರಳಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ನರ್ಸ್ ಹೇಳಿದರು. ಎದ್ದು ನಡೆದರೆ ಕಡಿಮೆಯಾಗುತ್ತದೆ ಎಂದರು. ಆ ಸಂಜೆಯಿಂದಲೇ ಕಾಲಿಗೆ ಬಿಗಿಯಾದ ಕಾಲುಚೀಲ ತೊಡಿಸಿ ನಡೆಸಿದ್ದರು. ನಡೆದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ತಗ್ಗುತ್ತದೆ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಬೇಕು. ಈ ಒಂದು ಉಪಾಯ ನನ್ನನ್ನು ಬಹಳ ಕಾಪಾಡಿತು.

ನಾನು ತುಮಕೂರಿನ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. 46ನೆಯ ವಯಸ್ಸಿಗೆ 118 ಕಿಲೋ ಇದ್ದೆ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಬೆಂಗಳೂರಿನಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಸಣ್ಣ ಕೊಳವೆಯನ್ನು ಉಳಿಸುತ್ತಾರೆ. ಸರ್ಜನ್ ತಮ್ಮ ಕೆಲಸವನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿದರು. ನನ್ನ ಕೆಲಸ ಮೂರನೆಯ ದಿನ ಮನೆಗೆ ಬಂದ ಮೇಲೆ ಶುರುವಾಯಿತು.

ಆ ಕೆಲಸ ನೀರು ಕುಡಿಯುವುದು. ದಿನಕ್ಕೆ ಒಂದೂವರೆ ಲೀಟರ್ ದ್ರವ ಹೊಟ್ಟೆ ಸೇರಬೇಕು, ಆದರೆ ಗುಟುಕು ಗುಟುಕಾಗಿ. ಲೋಟ ಎತ್ತಿ ಗಟಗಟನೆ ಕುಡಿಯುವ ಕೈಗೆ ಗುಟುಕಿನ ಅಳತೆ ತಿಳಿಯುವುದಿಲ್ಲ. ಊರಿನಿಂದ ಬಂದಿದ್ದ ಅಮ್ಮ ನನ್ನ ಅವಸ್ಥೆ ನೋಡಿ ಮಾರನೆಯ ದಿನವೇ ಬೆಳ್ಳಿಯ ಒಳಲೆಯನ್ನು ತರಿಸಿದಳು. “ಇದರಲ್ಲೇ ನಿನಗೆ ಹಾಲು ಕುಡಿಸಿದ್ದೆ ಕಣೇ, ಈಗ ಇದರಲ್ಲೇ ನೀರು ಕುಡಿ” ಎಂದಳು. ಔಷಧಿ ಬಾಟಲಿಯ ಮುಚ್ಚಳದಿಂದ ಅಳೆದು ನೋಡಿದೆ. ಒಳಲೆ ತುಂಬಿದರೆ 15 ಮಿಲಿ. ಕಾಲು ಗಂಟೆಗೆ ಎರಡು ಒಳಲೆ, ಗಂಟೆಗೆ 120 ಮಿಲಿ. ಒಂದೂವರೆ ಲೀಟರ್ ಆಗಲು ಹನ್ನೆರಡೂವರೆ ಗಂಟೆ. ಅಂದರೆ ಎಚ್ಚರವಿದ್ದಷ್ಟು ಹೊತ್ತೂ ಅದೇ ಕೆಲಸ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡೆ. ಒಳಲೆಯ ಮೂತಿಯಿಂದ ನೀರು ತಾನಾಗಿ ಸಣ್ಣಗೆ ಇಳಿಯುತ್ತದೆ, ಆತುರಪಡಲು ಅದು ಬಿಡುವುದೇ ಇಲ್ಲ.

ಒಂಬತ್ತನೆಯ ದಿನ ನೋಡಲು ಬಂಧುಗಳು ಬಂದರು. ಮಾತಿನಲ್ಲಿ ಅಲಾರಂ ನಿಲ್ಲಿಸಿದ್ದೇ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಮೂತ್ರ ಚಹಾದ ಬಣ್ಣಕ್ಕೆ ತಿರುಗಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿಸಿಕೊಂಡು ಬಂದೆ. ಮನೆಯವರು ಇದನ್ನು ತಿಳಿದಿರಬೇಕು: ಗಾಯ ಒಣಗಿದ ಹಾಗೆ ಕಂಡರೂ ಈ ದಿನಗಳಲ್ಲಿ ದೇಹ ಬೇಗ ಒಣಗುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಜ್ವರ, ಉಸಿರಾಟದ ತೊಂದರೆ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 120 ದಾಟುವ ನಾಡಿ – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ, ಆ ಕ್ಷಣವೇ ಸರ್ಜನ್‌ಗೆ ಫೋನ್ ಮಾಡಿ. ಜಠರದ ಹೊಲಿಗೆಯಲ್ಲಿ ಸೋರಿಕೆಯಾದರೆ ಕಾಣುವ ಲಕ್ಷಣಗಳು ಇವೇ. ನನ್ನ ಮಗಳು ಇದನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು.

ಮಾತ್ರೆಗಳ ಲೆಕ್ಕವೂ ಬದಲಾಯಿತು. ಊಟ ಇಷ್ಟು ಕಡಿಮೆಯಾದಾಗ ಸಕ್ಕರೆ ಕಾಯಿಲೆಯ ಹಳೆಯ ಡೋಸ್ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವೈದ್ಯರು ಮೊದಲ ವಾರದಲ್ಲೇ ಒಂದು ಮಾತ್ರೆ ನಿಲ್ಲಿಸಿ, ಇನ್ನೊಂದನ್ನು ಅರ್ಧ ಮಾಡಿದರು. ತಲೆನೋವು, ಮಂಡಿನೋವೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸವನ್ನೂ ಬಿಡಬೇಕಾಯಿತು, ಅವು ಜಠರದಲ್ಲಿ ಹುಣ್ಣು ಮಾಡಬಲ್ಲವು. ಆರು ವಾರಗಳ ಕಾಲ ತುಂಬಿದ ಬಿಂದಿಗೆ ಎತ್ತಲಿಲ್ಲ, ಉತ್ತರ ಪತ್ರಿಕೆಗಳ ಕಟ್ಟನ್ನೂ ಮುಟ್ಟಲಿಲ್ಲ.

ಮೊದಲ ಎರಡು ವಾರ ಹೆಸರುಬೇಳೆಯ ಕಟ್ಟು, ಸೋಸಿದ ತಿಳಿಸಾರು, ನೀರುಮಜ್ಜಿಗೆ, ಪ್ರೋಟೀನ್ ಪುಡಿ ಕದಡಿದ ಹಾಲು. ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ ಆಹಾರ. ಐದನೆಯ ವಾರದಿಂದ ಬೇಯಿಸಿದ ಮೊಟ್ಟೆ, ಮೆತ್ತಗಿನ ಪನೀರ್. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸೇರಬೇಕಾದ್ದರಿಂದ ತಟ್ಟೆಯಲ್ಲಿ ಮೊದಲು ಅದನ್ನೇ ತಿನ್ನಬೇಕು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಊಟವಾಗಿ ಅರ್ಧ ಗಂಟೆ ಬಿಡಬೇಕು.

ಎಡವಿದ್ದು ಮುದ್ದೆಯಲ್ಲಿ. ಏಳನೆಯ ವಾರ ಮನೆಯಲ್ಲಿ ಬಸ್ಸಾರಿನ ವಾಸನೆಗೆ ತಡೆಯಲಾಗಲಿಲ್ಲ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅಜ್ಜಿ ಕಲಿಸಿದ್ದರು. ಹಾಗೆಯೇ ಸಾರಿನಲ್ಲಿ ಅದ್ದಿದ ನೆಲ್ಲಿಕಾಯಿ ಗಾತ್ರದ ತುತ್ತನ್ನು ನುಂಗಿದೆ. ಎರಡು ನಿಮಿಷಕ್ಕೆ ಎದೆಯ ನಡುವೆ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಬಾಯಿ ತುಂಬ ನೊರೆನೊರೆ ಜೊಲ್ಲು. ನುಂಗಿದ್ದು ವಾಂತಿಯಾಗಿ ಬರುವ ತನಕ ಇಪ್ಪತ್ತು ನಿಮಿಷ ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದೆ. ಅಮ್ಮ ಬೆನ್ನು ನೀವುತ್ತಾ ಅಳುತ್ತಿದ್ದಳು. ಮತ್ತೆ ಎರಡು ದಿನ ದ್ರವಾಹಾರ.

ನಾಲ್ಕನೆಯ ತಿಂಗಳು, ಆಹಾರ ತಜ್ಞರನ್ನು ಕೇಳಿಯೇ, ಮತ್ತೆ ಮುದ್ದೆ ಮುಟ್ಟಿದೆ. ಬಟಾಣಿ ಕಾಳಿನಷ್ಟು ಮುರಿದು, ಇಪ್ಪತ್ತೈದು ಸಲ ಅಗಿದೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ಬೇಸರವೂ ಆಗುತ್ತದೆ. ಆದರೆ ಹದಿನೈದನೆಯ ಸಲಕ್ಕೆ ಬಾಯಲ್ಲಿ ಸಣ್ಣಗೆ ಸಿಹಿ ಮೂಡುತ್ತದೆ. ಹುಟ್ಟಿದಂದಿನಿಂದ ರಾಗಿ ತಿಂದವಳಿಗೆ ಅದರ ಸಿಹಿ ತಿಳಿದಿದ್ದು ಅಂದು.

ಅದೇ ತಿಂಗಳು ಕೂದಲು ಹಿಡಿ ಹಿಡಿಯಾಗಿ ಉದುರಿತು. ಒಂಬತ್ತನೆಯ ತಿಂಗಳಿಗೆ ನೆತ್ತಿಯಲ್ಲಿ ಹೊಸ ಕೂದಲು ಚಿಗುರಿತು. ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದೆಂದು ಆರು ತಿಂಗಳು ಮಾತ್ರೆ ಕೊಟ್ಟಿದ್ದರು, ಅದು ಮುಗಿದಿದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರ ಜೀವನಪೂರ್ತಿ. ಹದಿನಾಲ್ಕು ತಿಂಗಳಾದ ಮೇಲೆ ಈಗ 79 ಕಿಲೋ ಇದ್ದೇನೆ.

ಮದುವೆ ಮನೆಗಳಲ್ಲಿ ಮೊದಲು ಕಷ್ಟವಾಗುತ್ತಿತ್ತು. ಹದಿನೈದು ನಿಮಿಷಕ್ಕೆ ಪಂಕ್ತಿ ಎದ್ದುಬಿಡುತ್ತದೆ, ಮುಂದಿನವರು ಕುರ್ಚಿಯ ಹಿಂದೆಯೇ ಬಂದು ನಿಂತಿರುತ್ತಾರೆ. ಅವಸರಕ್ಕೆ ನುಂಗಿದರೆ ನನಗೆ ಮತ್ತೆ ಬಚ್ಚಲೇ ಗತಿ. ಈಗ ಕೊನೆಯ ಪಂಕ್ತಿಗೆ ಕೂರುತ್ತೇನೆ. ಅಡುಗೆಯವರೂ ಬಡಿಸುವವರೂ ಆಗಲೇ ಊಟಕ್ಕೆ ಕೂರುವುದು. ಅವರಿಗೂ ಅವಸರವಿಲ್ಲ, ನನಗೂ ಇಲ್ಲ.