ಬೆಂಗಳೂರಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿ

ಬೆಳಿಗ್ಗೆ 10:00ಕ್ಕೆ ಬೆಂಗಳೂರು ಬಿಟ್ಟು 12:30ಕ್ಕೆ ದುಬೈ ತಲುಪುತ್ತದೆ ಎಂದು ಟಿಕೆಟ್‌ನಲ್ಲಿದ್ದರೆ, ಅದು ಎರಡೂವರೆ ಗಂಟೆಯ ಪ್ರಯಾಣವಲ್ಲ, ನಾಲ್ಕು ಗಂಟೆಯದು. ಟಿಕೆಟ್‌ನಲ್ಲಿ ಕಾಣುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಹಾಗಾಗಿ ಅಲ್ಲಿನ ಸಮಯಕ್ಕೆ 1:30 ಕೂಡಿಸಿ, ಆಮೇಲೆ ಕಳೆಯಿರಿ. ಬರುವಾಗಲೂ ಅಷ್ಟೇ: ಅಲ್ಲಿ 10:00ಕ್ಕೆ ಹೊರಟು ಇಲ್ಲಿ ಮಧ್ಯಾಹ್ನ 3:00ಕ್ಕೆ ಇಳಿದರೆ ಐದು ಗಂಟೆಯೆನಿಸುತ್ತದೆ, ನಿಜಕ್ಕೂ ಮೂರೂವರೆ.

ಈಗ ದೂರ. ಬೆಂಗಳೂರು ವಿಮಾನ ನಿಲ್ದಾಣ ಇರುವುದು 13.20 ಉತ್ತರ ಅಕ್ಷಾಂಶ, 77.70 ಪೂರ್ವ ರೇಖಾಂಶದಲ್ಲಿ, ದುಬೈಯದು 25.25 ಮತ್ತು 55.36. ಅಕ್ಷಾಂಶಗಳ ವ್ಯತ್ಯಾಸ 12.05. ರೇಖಾಂಶಗಳದು 22.34. ಆದರೆ ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತೊತ್ತಾಗುತ್ತವೆ, ಅದಕ್ಕೇ 22.34 ಅನ್ನು ಸರಾಸರಿ ಅಕ್ಷಾಂಶದ (19.2) ಕೊಸೈನ್‌ನಿಂದ, ಅಂದರೆ 0.944ರಿಂದ ಗುಣಿಸಿ: 21.09. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 24.29. ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಸುಮಾರು 2,700 ಕಿ.ಮೀ.

ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಡೆ. ನಕ್ಷೆಯಲ್ಲಿ 77°42′ ಎಂದಿದ್ದರೆ ಅದು 77.42 ಅಲ್ಲ, 42 ನಿಮಿಷವನ್ನು 60ರಿಂದ ಭಾಗಿಸಬೇಕು, 77.70 ಆಗುತ್ತದೆ. ಈ ಒಂದು ತಪ್ಪಿಗೇ ಸುಮಾರು 30 ಕಿ.ಮೀ. ಏರುಪೇರಾಗುತ್ತದೆ. ದೂರ ನಾಟಿಕಲ್ ಮೈಲಿನಲ್ಲಿ (ಹಡಗು, ವಿಮಾನಗಳವರು ಬಳಸುವ ಮೈಲಿ) ಸಿಕ್ಕಿದರೆ ಕಿ.ಮೀ.ಗೆ ತರಲು 1.852ರಿಂದ ಗುಣಿಸಿ, ರಸ್ತೆ ಮೈಲಿಯ 1.609ರಿಂದಲ್ಲ.

ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 830 ಕಿ.ಮೀ. ಎಂದಿಟ್ಟುಕೊಂಡರೆ 2,700 ಕಿ.ಮೀ.ಗೆ ಮೂರೂಕಾಲು ಗಂಟೆ. ಟ್ಯಾಕ್ಸಿ (ವಿಮಾನ ನೆಲದ ಮೇಲೆ ಸಾಗುವುದು), ಏರಿಳಿತ, ರನ್‌ವೇಗಾಗಿ ಕಾಯುವುದು, ಇವಕ್ಕೆಲ್ಲ ಅರ್ಧ ಗಂಟೆ ಸೇರಿಸಿ. ಇನ್ನುಳಿದದ್ದು ಗಾಳಿ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ. 60 ಕಿ.ಮೀ. ಎದುರುಗಾಳಿಯಿದ್ದರೆ ನೆಲದ ಲೆಕ್ಕದಲ್ಲಿ ವೇಗ 770ಕ್ಕೆ ಇಳಿದು ಹೋಗುವಾಗ ನಾಲ್ಕು ಗಂಟೆ. ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು ಮೂರೂವರೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಈ ಅಂತರ ತಗ್ಗುತ್ತದೆ.

ಈ ಸುಲಭ ಲೆಕ್ಕ ಮೂರು-ನಾಲ್ಕು ಸಾವಿರ ಕಿ.ಮೀ.ವರೆಗೆ ಮಾತ್ರ ನೆಚ್ಚಬಹುದು. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋಗೆ ಹೀಗೇ ಹಾಕಿದರೆ 16,000 ಕಿ.ಮೀ. ದಾಟುತ್ತದೆ, ನಿಜವಾದ ಅತಿ ಹತ್ತಿರದ ದಾರಿ ಸುಮಾರು 14,000. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಅಲ್ಲಿಂದ ಉತ್ತರ ಧ್ರುವದ ಮೇಲೆ ಹಾದು ಬಂದದ್ದು ಇದೇ ಕಾರಣಕ್ಕೆ. ಅಂಥ ದೂರಕ್ಕೆ ಗ್ರೇಟ್ ಸರ್ಕಲ್ ಸೂತ್ರವೇ, ಅಂದರೆ ಭೂಮಿಯ ಗುಂಡಗಿನ ಮೈಮೇಲೆ ಅತಿ ಹತ್ತಿರದ ದಾರಿಯನ್ನು ಅಳೆಯುವ ಸೂತ್ರವೇ ಬೇಕು. ಎಕ್ಸೆಲ್‌ನಲ್ಲಿ ಹಾಕುವುದಾದರೆ ಡಿಗ್ರಿಗಳನ್ನು ಮೊದಲು ರೇಡಿಯನ್‌ಗೆ (ಕೋನದ ಇನ್ನೊಂದು ಅಳತೆ) ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ.

ಲಂಡನ್‌ಗೆ ಹೋಗುವವರು ತಾರೀಖನ್ನೂ ನೋಡಬೇಕು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಉಳಿದ ತಿಂಗಳುಗಳಲ್ಲಿ ಐದೂವರೆ.